ಕುಂಬಳಕಾಯಿ ಬಂದಿದ್ದರೆ?

ಬೆಂಗಳೂರು ವಿಶ್ವವಿದ್ಯಾಲಯದ ಉಪಕುಲಪತಿಯಾಗಿದ್ದ ಎಚ್. ನರಸಿಂಹಯ್ಯನವರು ಪವಾಡಗಳ ಪರೀಕ್ಷೆಗೆ ಸಮಿತಿ ನೇಮಿಸಿದ್ದು 1976ರಲ್ಲಿ. ಐವತ್ತು ವರ್ಷದ ನೆಪದಲ್ಲಿ ಎರಡೂ ಕಡೆಯವರು ಮತ್ತೆ ಟೊಂಕ ಕಟ್ಟಿದ್ದಾರೆ. ಮುಷ್ಟಿಯಲ್ಲಿ ಅಡಗುವ ಉಂಗುರ ಬೇಡ, ಕುಂಬಳಕಾಯಿ ಸೃಷ್ಟಿಸಲಿ ಎಂದು ಎಚ್ಚೆನ್ ಸತ್ಯ ಸಾಯಿಬಾಬಾ ಅವರಿಗೆ ಹಾಕಿದ ಸವಾಲನ್ನು ಒಂದು ಪತ್ರಿಕೆ ದೇವರ ಸೋಲೆಂದು ಸಂಭ್ರಮಿಸಿದೆ. ಇನ್ನೊಂದಕ್ಕೆ ಅದು ಬರೀ ಅಹಂಕಾರ.

ಎಚ್ಚೆನ್ ಮಾಡಿದ್ದು ಸರಿ, ಅದರಲ್ಲಿ ಎರಡು ಮಾತಿಲ್ಲ. ನ್ಯಾಷನಲ್ ಕಾಲೇಜಿನ ಹಾಸ್ಟೆಲಿನ ಕೋಣೆಯಲ್ಲೇ ಬಾಳಿದ ಆ ಗಾಂಧಿವಾದಿ ಕೇಳಿದ್ದು ಪವಾಡದ ಲೆಕ್ಕ. ಅದನ್ನು ದೇವರ ಲೆಕ್ಕವೆಂದು ಓದುವವರು ಇಬ್ಬರೂ ತಪ್ಪುತ್ತಿದ್ದಾರೆ. ಕುಂಬಳಕಾಯಿ ಬಂದೇಬಿಟ್ಟಿತ್ತು ಅನ್ನಿ. ಬರಿಗೈಯಿಂದ ಕುಂಬಳಕಾಯಿ ಬಂತು ಎಂಬುದಷ್ಟೇ ಸಾಬೀತಾಗುತ್ತಿತ್ತು. 1995ರ ಸೆಪ್ಟೆಂಬರ್ 21ರಂದು ಗಣಪತಿಗೆ ಹಾಲು ಕುಡಿಸಲು ಸಾಲು ನಿಂತವರಲ್ಲಿ ನಾನೂ ಇದ್ದೆ. ಚಮಚದ ಹಾಲು ಇಳಿದದ್ದನ್ನು ಕಣ್ಣಾರೆ ಕಂಡೆ. ಮೇಲ್ಮೈ ಎಳೆತದಿಂದ ಹಾಲು ಕಲ್ಲಿನ ಮೇಲೆ ತೆಳ್ಳಗೆ ಹರಿದುಹೋಗುತ್ತದೆಂದು ವಿಜ್ಞಾನಿಗಳು ವಿವರಿಸಿದರು. ಆ ವಿವರಣೆ ಬರುವ ಮೊದಲೂ ನನ್ನೊಳಗೆ ಏನೂ ಕದಲಿರಲಿಲ್ಲ.

ಅನುಭವದಿಂದ ಅನುಭಾವವನ್ನು ಬೇರೆ ಮಾಡಿ ಹೆಸರಿಟ್ಟ ನುಡಿ ನಮ್ಮದು. ಶೂನ್ಯಸಂಪಾದನೆಯ ಗೋರಕ್ಷನ ಪ್ರಸಂಗ ತೆಗೆದು ನೋಡಿ. ವಜ್ರಕಾಯದ ಸಿದ್ಧ ಆತ. ಅಲ್ಲಮ ಕತ್ತಿ ಬೀಸಿದರೆ ಮೈ ಖಣಿಲೆನ್ನುತ್ತದೆ, ಗಾಯವಾಗುವುದಿಲ್ಲ. ಆ ಸದ್ದನ್ನೇ ಅಲ್ಲಮ ಕೊರತೆಯೆಂದು ಎಣಿಸುತ್ತಾನೆ. ಗೋರಕ್ಷ ಬೀಸಿದ ಕತ್ತಿಯೋ ಅಲ್ಲಮನ ಮೈಯಲ್ಲಿ ಬಯಲಲ್ಲಿ ಆಡಿದಂತೆ ಹಾದುಹೋಗುತ್ತದೆ. ಇದೂ ಪವಾಡವೇ ಅಲ್ಲವೇ ಎಂದು ವಿಚಾರವಾದಿ ಮಿತ್ರರು ಕೇಳುತ್ತಾರೆ. ಹೌದು, ಪವಾಡದ ಕತೆಯೇ. ಆದರೆ ಪವಾಡ ಗೋರಕ್ಷನಿಗೆ ಹೊಸದೇನು? ಅವನ ಸಾಧನೆಯೇ ಅದು. ಇಷ್ಟು ಕಾಲ ಬಲಿಸಿಕೊಂಡು ಬಂದ ಮೈಯೇ ತನಗೆ ಅಡ್ಡವಾಗಿತ್ತೆಂದು ಅವನಿಗೆ ಹೊಳೆಯಿತು, ಅದಕ್ಕೆ ಮಣಿದ. ದೇವರಿದ್ದಾನೆಂದು ನನ್ನನ್ನು ಒಪ್ಪಿಸಬಲ್ಲ ಅನುಭವವೊಂದಿದ್ದರೆ ಅದೂ ಹೀಗೆ ನನ್ನ ಹೆಮ್ಮೆಯ ಬುಡಕ್ಕೇ ಬರಬೇಕು.

ಮಿದುಳಿನ ಆಟವಿರಬಹುದಲ್ಲ? ಇರಬಹುದು. ಇನ್ನೊಬ್ಬರು ಕಂಡದ್ದು ನನಗೆ ಸಾಕ್ಷಿಯಾಗದು ಎಂಬುದನ್ನೂ ಒಪ್ಪುತ್ತೇನೆ. ಆದರೆ ಅನುಭಾವಿಗಳನ್ನೆಲ್ಲ ರೋಗಿಗಳ ಪಟ್ಟಿಗೆ ಸೇರಿಸುವ ಈಚಿನ ವಿಮರ್ಶೆಯನ್ನು ಸಹಿಸಲಾರೆ. ತೊಂಬತ್ತರ ಆಸುಪಾಸಿನಲ್ಲಿ ‘ದೇವರು’ ಬರೆದ ಎ.ಎನ್. ಮೂರ್ತಿರಾಯರು ದೇವರನ್ನು ಒಪ್ಪಲಿಲ್ಲ, ಸಭ್ಯತೆಯನ್ನೂ ಬಿಡಲಿಲ್ಲ. ಅವರ ಹೆಸರು ಹೇಳಿಕೊಳ್ಳುವವರು ಆ ಪುಸ್ತಕವನ್ನು ಇನ್ನೊಮ್ಮೆ ಓದಲಿ.

ಮುಂದಿನ ಸಂಚಿಕೆಯ ವಿಷಯ ಅನುಭಾವ. ಬರಹಗಳು ಯುಗಾದಿಯೊಳಗೆ ತಲುಪಲಿ. ತಾವು ಕಂಡದ್ದನ್ನು ಬರೆಯುವವರು, ಮರುದಿನ ಮನೆಯವರೊಡನೆ ಹೇಗೆ ನಡೆದುಕೊಂಡಿರಿ ಎಂಬುದನ್ನೂ ಬರೆಯಿರಿ.