ಲಾರಿ ನೆರಳಿನ ನಾಯಿಗಳು
ವಿಜಯಪುರ–ಸೊಲ್ಲಾಪುರ ಹೆದ್ದಾರಿಯ ಝಳಕಿಯಂಥ ಊರುಗಳಲ್ಲಿ ಬೇಸಿಗೆ ಬಂತೆಂದರೆ ಬೀದಿನಾಯಿಗೆ ಸಿಗುವ ನೆರಳು ನಿಂತ ಲಾರಿಯದು. ನಮ್ಮಂತೆ ಅದಕ್ಕೆ ಮೈಯೆಲ್ಲ ಬೆವರುವುದಿಲ್ಲ. ನಾಲಿಗೆ ಚಾಚಿ ಏದುಸಿರು ಬಿಟ್ಟೇ ಮೈ ತಣಿಸಿಕೊಳ್ಳಬೇಕು. ಪಕ್ಕದ ಬಾಗಲಕೋಟೆ ಜಿಲ್ಲೆಯ ಮುಧೋಳ ನಾಯಿ ಈ ಬಿಸಿಲಿನದ್ದೇ ತಳಿ, ತೆಳು ಮೈ, ಗಿಡ್ಡ ಕೂದಲು; ನಡುಹಗಲ ಡಾಂಬರು ಅದರ ಪಾದವನ್ನೂ ಸುಡುತ್ತದೆ. ಹೀಗಿರುವಾಗ ಚಪ್ಪಟೆ ಮೂಗಿನ ಪಗ್ ತಂದು ತಗಡಿನ ಶೆಡ್ಡಿನಲ್ಲಿ ಕಟ್ಟುವುದು ಶೋಕಿಯಲ್ಲ, ಹಿಂಸೆ. ಯಾವುದೇ ನಾಯಿಯ ಮೈ ಉಷ್ಣತೆ 41 ಡಿಗ್ರಿ ಸೆಲ್ಸಿಯಸ್ ದಾಟಿದರೆ ಜೀವಕ್ಕೇ ಕುತ್ತು. ಜೊಲ್ಲು ಸುರಿಸಿ ತೂರಾಡಿದರೆ ನೆರಳಿಗೊಯ್ದು ಮೈಮೇಲೆ ನೀರು ಸುರಿದು, ಗಾಳಿ ಹಾಕಿ, ತಡಮಾಡದೆ ಪಶುವೈದ್ಯರಿಗೆ ತೋರಿಸಬೇಕು. ಅಂಗಡಿಕಾರರು ಬಾಗಿಲಲ್ಲೊಂದು ಬೋಗುಣಿ ನೀರಿಡಲಿ. ಚಾಲಕರು ಲಾರಿ ಚಾಲೂ ಮಾಡುವ ಮುನ್ನ ಗಾಲಿಯ ಕೆಳಗೊಮ್ಮೆ ಬಗ್ಗಿ ನೋಡಲಿ.