ಕ್ಯಾಮೆರಾದಲ್ಲಿ ಬೆಳಕು, ಕಂಪ್ಯೂಟರಿನಲ್ಲಿ ಮಬ್ಬು

ಮದುವೆಯ ಛತ್ರದಲ್ಲಿ ದಿನವಿಡೀ ಓಡಾಡಿ ನೂರಾರು ಚಿತ್ರಗಳನ್ನು ತೆಗೆದ ಛಾಯಾಗ್ರಾಹಕನು ಇರುಳು ಮನೆಗೆ ಬಂದು ಕಂಪ್ಯೂಟರಿನ ಮುಂದೆ ಕುಳಿತಾಗ ಒಂದು ವಿಚಿತ್ರ ನಡೆಯುವುದುಂಟು. ಚಿತ್ರವನ್ನು ತೆರೆದ ಕ್ಷಣ ವಧುವಿನ ಮುಖ ಕಳೆಕಳೆಯಾಗಿ ಬೆಳಗುತ್ತಿರುತ್ತದೆ. ಕಣ್ಣು ಮಿಟುಕಿಸುವಷ್ಟರಲ್ಲಿ, ಯಾರೋ ದೀಪದ ಬತ್ತಿಯನ್ನು ಇಳಿಸಿದರೋ ಎಂಬಂತೆ, ಅದೇ ಮುಖ ಮಂಕಾಗುತ್ತದೆ. ಮುಂದಿನ ಚಿತ್ರವೂ ಹಾಗೆಯೇ, ಅದರ ಮುಂದಿನದೂ ಹಾಗೆಯೇ. ಕ್ಯಾಮೆರಾದ ಬೆನ್ನ ಮೇಲಿನ ಪುಟ್ಟ ಪರದೆಯಲ್ಲಿ ನೋಡಿ ವಧುವಿನ ಸೋದರಮಾವನವರು “ಬಲು ಚೆನ್ನಾಗಿ ಬಂದಿದೆಯಪ್ಪಾ” ಎಂದು ಮೆಚ್ಚಿದ್ದ ಚಿತ್ರಕ್ಕೂ ಅದೇ ಗತಿ. ಎದೆ ಧಸಕ್ಕೆನ್ನದೆ ಇದ್ದೀತೆ? ಕ್ಯಾಮೆರಾ ಕೆಟ್ಟಿತೆಂದು ಒಬ್ಬನು ಭಾವಿಸಿದರೆ, ಕಂಪ್ಯೂಟರೇ ಚಿತ್ರವನ್ನು ಹಾಳುಮಾಡಿತೆಂದು ಮತ್ತೊಬ್ಬನು ನಂಬುತ್ತಾನೆ. ಸಾಮಾನ್ಯವಾಗಿ ಎರಡೂ ನಿಜವಲ್ಲ.

ಇದು ‘ರಾ’ ಎಂಬ ಬಗೆಯ ಫೈಲುಗಳಲ್ಲಿ ಎದುರಾಗುವ ಸಂಗತಿ. ಹೆಸರೇ ಹೇಳುವಂತೆ ಅದು ಹಸಿಯಾದದ್ದು. ಕ್ಯಾಮೆರಾ ಸಾಮಾನ್ಯವಾಗಿ ಕೊಡುವ ಜೆಪೆಗ್ ಚಿತ್ರವನ್ನು ಹಾಲು ಸಕ್ಕರೆ ಬೆರೆಸಿ ಕೈಗಿತ್ತ ಕಾಫಿಗೆ ಹೋಲಿಸಿದರೆ, ರಾ ಎಂಬುದು ಬರಿಯ ಡಿಕಾಕ್ಷನ್. ಅದನ್ನು ಹಾಗೆಯೇ ಕುಡಿಯುವವರಿಲ್ಲ. ಆದರೆ ಅದರಿಂದ ಬೇಕಾದ ಹದದ ಕಾಫಿಯನ್ನು ಬೆರೆಸಿಕೊಳ್ಳಬಹುದು. ಬೆರೆಸಿದ ಕಾಫಿಯಿಂದ ಸಕ್ಕರೆಯನ್ನು ಹಿಂದಕ್ಕೆ ತೆಗೆಯುವ ಉಪಾಯವನ್ನು ಯಾವ ಗೃಹಿಣಿಯೂ ಇದುವರೆಗೆ ಕಂಡುಹಿಡಿದಿಲ್ಲ.

ಛತ್ರದಲ್ಲಿ ಮಾವನವರು ನೋಡಿದ್ದು ರಾ ಚಿತ್ರವನ್ನಲ್ಲ ಎಂಬುದೇ ಈ ಒಗಟಿನ ಕೀಲಿಕೈ. ಕ್ಯಾಮೆರಾ ಪ್ರತಿಯೊಂದು ರಾ ಫೈಲಿನ ಒಡಲೊಳಗೂ ತಾನೇ ಸಿದ್ಧಪಡಿಸಿದ ಜೆಪೆಗ್ ಚಿತ್ರವೊಂದನ್ನು ಅಡಗಿಸಿಡುತ್ತದೆ. ನೆರಳನ್ನು ಎತ್ತಿ, ಬಣ್ಣಕ್ಕೆ ಮೆರುಗು ಕೊಟ್ಟು, ಅಂಚುಗಳನ್ನು ಚೂಪುಗೊಳಿಸಿದ ಚಿತ್ರ ಅದು. ಬೆನ್ನಿನ ಪರದೆ ತೋರಿಸುವುದು ಅದನ್ನೇ. ಕಂಪ್ಯೂಟರಿನಲ್ಲಿ ಫೈಲು ತೆರೆದೊಡನೆ ಹೊಳೆದು ಮಾಯವಾಗುವುದೂ ಅದೇ. ಬಳಿಕ ಅಲ್ಲಿನ ಸಾಫ್ಟ್‌ವೇರ್ ಆ ಸಿದ್ಧಚಿತ್ರವನ್ನು ಬದಿಗೆ ಸರಿಸಿ, ಮೂಲ ಸಾಮಗ್ರಿಯಿಂದ ತನ್ನದೇ ರೀತಿಯಲ್ಲಿ ಹೊಸ ಚಿತ್ರವನ್ನು ಕಟ್ಟುತ್ತದೆ. ಮಂಕು ಕವಿಯುವುದು ಆಗ.

ಮೂಲ ಸಾಮಗ್ರಿಯೇ ಅಷ್ಟು ಕಪ್ಪೇಕೆ ಎಂದು ಕೇಳಬಹುದು. ಕ್ಯಾಮೆರಾದ ಸೆನ್ಸರ್ ಬೆಳಕನ್ನು ನೋಡುವುದಿಲ್ಲ, ಎಣಿಸುತ್ತದೆ. ಬೆಳಕು ಎರಡರಷ್ಟಾದರೆ ಅದರ ಲೆಕ್ಕವೂ ಎರಡರಷ್ಟಾಗುತ್ತದೆ. ಮನುಷ್ಯನ ಕಣ್ಣಿನ ನಡತೆ ಬೇರೆ. ಕತ್ತಲ ಕೋಣೆಯಲ್ಲಿ ಒಂದು ಮೇಣದಬತ್ತಿ ಹಚ್ಚಿದರೆ ಅದಕ್ಕೆ ಹಬ್ಬ. ನೂರು ಬತ್ತಿಗಳ ನಡುವೆ ಇನ್ನೊಂದನ್ನು ಹಚ್ಚಿದರೆ ಗಮನಕ್ಕೇ ಬಾರದು. ಛಾಯಾಗ್ರಾಹಕರು ಅಳತೆಗೆ ಬಳಸುವ ಬೂದು ಕಾರ್ಡು ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಶೇಕಡಾ 18ರಷ್ಟನ್ನು ಮಾತ್ರ ಹಿಂದಿರುಗಿಸುತ್ತದೆ. ಕಣ್ಣಿಗಾದರೋ ಅದು ಕಪ್ಪಿಗೂ ಬಿಳುಪಿಗೂ ನಟ್ಟನಡುವಿನ ಬಣ್ಣ. 14 ಬಿಟ್‌ನ ರಾ ಫೈಲಿನಲ್ಲಿ ಬೆಳಕಿನ ಮೆಟ್ಟಿಲುಗಳು 16,384. ಅಚ್ಚ ಬಿಳುಪು ತುತ್ತತುದಿಯಲ್ಲಿ ನಿಂತರೆ, ಕಣ್ಣು ನಡುವೆ ಇರಿಸುವ ಆ ಬೂದುಬಣ್ಣ 3,000ಕ್ಕೂ ಕೆಳಗಿನ ಮೆಟ್ಟಿಲಿನಲ್ಲಿ ಕುಳಿತಿರುತ್ತದೆ! ಆ ಲೆಕ್ಕವನ್ನು ಇದ್ದಂತೆಯೇ ಪರದೆಗೆ ಹಾಕಿದರೆ ಮುಖವೆಲ್ಲ ಮುಸ್ಸಂಜೆ. ಆದುದರಿಂದ ನಡುವಿನ ಬಣ್ಣಗಳನ್ನು ಮೇಲೆತ್ತಲೇಬೇಕು. ಕ್ಯಾಮೆರಾ ಧಾರಾಳವಾಗಿ ಎತ್ತುತ್ತದೆ. ಕಂಪ್ಯೂಟರಿನ ಸಾಫ್ಟ್‌ವೇರ್ ಅನೇಕ ವೇಳೆ ಕೈ ಬಿಗಿಹಿಡಿದು ಎತ್ತುತ್ತದೆ. ಉಳಿದದ್ದನ್ನು ಮಾಡುವುದು ಛಾಯಾಗ್ರಾಹಕನ ಇಷ್ಟ ಎಂಬುದು ಅದರ ನಿಲುವು.

ಇದರ ಮೇಲೆ ಕ್ಯಾಮೆರಾ ತಯಾರಕರ ಜಾಣತನವೊಂದು ಸೇರಿಕೊಂಡಿದೆ. ನೈಕಾನ್ ಸಂಸ್ಥೆ 2007ರಲ್ಲಿ ಡಿ3 ಮತ್ತು ಡಿ300 ಕ್ಯಾಮೆರಾಗಳೊಡನೆ ‘ಆ್ಯಕ್ಟಿವ್ ಡಿ-ಲೈಟಿಂಗ್’ ಎಂಬ ಏರ್ಪಾಡನ್ನು ತಂದಿತು. ಬಿಸಿಲಿನಲ್ಲಿ ಬಿಳಿಯ ವಸ್ತುಗಳು ಸುಟ್ಟುಹೋಗದಂತೆ ಬೆಳಕನ್ನು ತುಸು ಕಡಿಮೆ ಹಿಡಿದು, ಬಳಿಕ ಜೆಪೆಗ್ ಚಿತ್ರದಲ್ಲಿ ನೆರಳುಗಳನ್ನು ಎತ್ತಿಕೊಡುವುದು ಇದರ ಮರ್ಮ. ನೆರಳನ್ನು ಬೆಳಗಿಸುವ ಇಂಥ ಸೌಕರ್ಯಗಳು ಕ್ಯಾನನ್ ಮೊದಲಾದ ಸಂಸ್ಥೆಗಳ ಕ್ಯಾಮೆರಾಗಳಲ್ಲಿಯೂ ಬೇರೆ ಬೇರೆ ಹೆಸರಿನಿಂದ ಇವೆ. ರಾ ಫೈಲಿಗೆ ಸೇರುವುದು ಮಾತ್ರ ಆ ಕಡಿಮೆ ಬೆಳಕೇ. ನೆರಳನ್ನು ಎತ್ತಬೇಕೆಂಬ ಸೂಚನೆ ಚೀಟಿಯಂತೆ ಫೈಲಿನೊಡನೆ ಬಂದರೂ, ಹೊರಗಿನ ಸಾಫ್ಟ್‌ವೇರುಗಳಲ್ಲಿ ಬಹುಪಾಲು ಅದನ್ನು ಪಾಲಿಸುವುದಿಲ್ಲ. ನೈಕಾನಿನವರ ‘ಎನ್‌ಎಕ್ಸ್ ಸ್ಟುಡಿಯೋ’, ಕ್ಯಾನನ್‌ನವರ ‘ಡಿಜಿಟಲ್ ಫೋಟೋ ಪ್ರೊಫೆಷನಲ್’ ಆ ಚೀಟಿಯನ್ನು ಓದಬಲ್ಲವು; ಮನೆಯವರ ಬರಹ ಮನೆಯವರಿಗೇ ತಿಳಿಯುವುದಲ್ಲವೇ?

ಪರದೆಗಳ ಪಾತ್ರವೂ ಸ್ವಲ್ಪ ಇದೆ. ಕತ್ತಲಲ್ಲಿ ಕ್ಯಾಮೆರಾದ ಕಿರುಪರದೆ ರತ್ನದಂತೆ ಹೊಳೆಯುತ್ತದೆ; ಮನೆಯ ಪರದೆ ಕಣ್ಣಿಗೆ ಹಿತವಾಗಲೆಂದು ಮಂದಗೊಳಿಸಿದ್ದಿರಬಹುದು.

ಇಷ್ಟೇ ಆಗಿದ್ದರೆ ಇದು ಕುತೂಹಲದ ವಿಷಯವಾಗಿ ಮುಗಿಯುತ್ತಿತ್ತು. ಅಪಾಯವಿರುವುದು ಇದಕ್ಕೆ ಮಾಡಿಕೊಳ್ಳುವ ತಪ್ಪು ಪರಿಹಾರದಲ್ಲಿ. ಮೊದಲ ಮದುವೆಯ ಚಿತ್ರಗಳು ಕಪ್ಪಾಗಿ ಕಂಡುವೆಂದು ಹೆದರಿದ ತರುಣನು ಎರಡನೆಯ ಮದುವೆಯಲ್ಲಿ ಒಂದು ಸ್ಟಾಪ್, ಎಂದರೆ ಬೆಳಕನ್ನು ಇಮ್ಮಡಿಯಾಗಿ, ಹೆಚ್ಚಿಸಿ ತೆಗೆಯುತ್ತಾನೆ. ವರನ ಬಿಳಿಯ ಪಂಚೆ, ವಧುವಿನ ಮುಡಿಯ ಮಲ್ಲಿಗೆ, ಜರಿಯಂಚಿನ ಹೊಳಪು ಎಲ್ಲವೂ ವೀಡಿಯೋದವರ ದೀಪದ ಕೆಳಗೆ ಕೊನೆಯ ಮೆಟ್ಟಿಲನ್ನು ಮುಟ್ಟಿ ಅಲ್ಲಿಯೇ ನಿಂತುಬಿಡುತ್ತವೆ. ಅದಕ್ಕೂ ಮೇಲೆ ಎಣಿಸಲು ಸೆನ್ಸರಿಗೆ ಬಾರದು. ಮಲ್ಲಿಗೆಯ ಎಸಳುಗಳಿದ್ದಲ್ಲಿ ಬರಿಯ ಬಿಳಿಯ ಕಲೆ ಉಳಿಯುತ್ತದೆ. ಯಾವ ಸಾಫ್ಟ್‌ವೇರೂ ಆ ಎಸಳುಗಳನ್ನು ಇದ್ದಂತೆ ಮರಳಿ ತರಲಾರದು. ಕಪ್ಪಾಗಿ ಬಂದದ್ದನ್ನು ಎತ್ತಬಹುದು. ತೀರ ಎತ್ತಿದರೆ ನೆರಳಿನಲ್ಲಿ ಕಾಳುಕಾಳಾಗಿ ಕಾಣಿಸುವುದು ನಿಜ. ಆದರೂ ಚಿತ್ರ ಉಳಿಯುತ್ತದೆ. ಮಾಂಗಲ್ಯಧಾರಣೆಯನ್ನು ಛಾಯಾಗ್ರಾಹಕನ ಸಲುವಾಗಿ ಇನ್ನೊಮ್ಮೆ ನಡೆಸುವ ಪುರೋಹಿತರು ಸಿಕ್ಕುವುದಿಲ್ಲ.

ಮಬ್ಬಾದ ಚಿತ್ರವನ್ನು ಕಂಡಾಗ ಮೊದಲು ಮಾಡಬೇಕಾದದ್ದು ಬಲು ಸುಲಭ. ಅದೇ ಫೈಲನ್ನು ಕ್ಯಾಮೆರಾ ತಯಾರಕರದೇ ಸಾಫ್ಟ್‌ವೇರಿನಲ್ಲಿ ತೆರೆದು ನೋಡಬೇಕು. ಅಲ್ಲಿ ಮುಖ ಬೆಳಗಿದರೆ ಕ್ಯಾಮೆರಾ ನಿರ್ದೋಷಿ; ತನಗೆ ಒಗ್ಗಿದ ಸಾಫ್ಟ್‌ವೇರಿನಲ್ಲಿ ನಡುವಣ ಬಣ್ಣಗಳನ್ನು ಎಷ್ಟು ಎತ್ತಬೇಕೆಂದು ಒಮ್ಮೆ ಗೊತ್ತುಮಾಡಿಕೊಂಡು, ಅದೇ ಹೊಂದಾಣಿಕೆಯನ್ನು ಉಳಿದ ಚಿತ್ರಗಳಿಗೂ ಒಟ್ಟಿಗೆ ಅನ್ವಯಿಸಬಹುದು. ಅಲ್ಲಿಯೂ ಮಬ್ಬಾಗಿಯೇ ಇದ್ದರೆ ಕಂಪ್ಯೂಟರಿನ ಪರದೆಯ ಬೆಳಕನ್ನೂ, ಆಮೇಲೆ ಚಿತ್ರ ತೆಗೆದಾಗಿನ ಎಕ್ಸ್‌ಪೋಷರನ್ನೂ ಪರೀಕ್ಷಿಸಬೇಕು. ನೆರಳು ಎತ್ತುವ ಸೌಕರ್ಯಗಳನ್ನು ರಾ ತೆಗೆಯುವಾಗ ನಿಲ್ಲಿಸಿಡುವವರೂ ಇದ್ದಾರೆ. ಹಾಗೆ ಮಾಡಿದರೆ ಬೆನ್ನಿನ ಪರದೆ ಹೇಳುವ ಮಾತು ಫೈಲಿನೊಳಗಿನ ನಿಜಕ್ಕೆ ಇನ್ನಷ್ಟು ಹತ್ತಿರವಾಗುತ್ತದೆ. ಆಗ ಮಾವನವರ ಮೆಚ್ಚುಗೆ ಛತ್ರದಲ್ಲಿ ತುಸು ಕಡಿಮೆಯಾದೀತು, ಅಷ್ಟೆ.