ಸೆಪ್ಟೆಂಬರ್ 17 ಯಾರ ಹಬ್ಬ?

ಓದಲಿಕ್ಕೆಂದು ಪರರಾಜ್ಯಕ್ಕೆ ಹೋದ ಹುಡುಗನಿಗೆ ಮೊದಲ ದಿನವೇ ಅಲ್ಲಿಯ ಹಬ್ಬ ಎದುರಾದರೆ ಏನು ಮಾಡುತ್ತಾನೆ? ಬದಿಗೆ ಸರಿದು ನಿಲ್ಲುತ್ತಾನೆ. ‘ಇದು ಅವರ ಹಬ್ಬ, ನಮಗೇನು?’ ಅಂತಾನೆ. ನಾಸಿಕದಲ್ಲಿ ರಂಗಪಂಚಮಿಯ ದಿನ ಬಂದಿಳಿದವನು ಹಾಗೆ ಅಂದರೆ ಒಪ್ಪೋಣ. ಪೇಶ್ವೆಯರ ಕಾಲದ ‘ರಹಾಡ’ ಎಂಬ ಹೊಂಡಗಳನ್ನು ಅಗೆದು ತೆರೆದು, ಬಣ್ಣದ ನೀರು ತುಂಬಿ, ಮಂದಿ ಅದರೊಳಗೆ ಧುಮುಕುವುದು ಆ ಊರಿನದೇ ಸಂಭ್ರಮ.

ಆದರೆ ಬೀದರಿನ, ಕಲಬುರಗಿಯ, ರಾಯಚೂರಿನ ಹುಡುಗ ಸೆಪ್ಟೆಂಬರ್ 17ಕ್ಕೆ ಛತ್ರಪತಿ ಸಂಭಾಜಿನಗರದಲ್ಲಿ, ಅಂದರೆ 2023ರವರೆಗೆ ಔರಂಗಾಬಾದ್ ಎನಿಸಿದ್ದ ಊರಲ್ಲಿ ಇಳಿದು, ಸಿದ್ಧಾರ್ಥ ಉದ್ಯಾನದ ಸ್ಮಾರಕದೆದುರು ಧ್ವಜ ಏರುವುದನ್ನು ಕಂಡು ‘ನಮಗೇನು?’ ಅಂದರೆ ನಾನು ಒಪ್ಪುವುದಿಲ್ಲ. ಅದೇ ದಿನ ಅವನ ಊರಲ್ಲೂ ಅದೇ ಧ್ವಜ ಏರುತ್ತದೆ!

ನಿಜಾಮನ ಸಂಸ್ಥಾನದಲ್ಲಿದ್ದದ್ದು 16 ಜಿಲ್ಲೆ: ತೆಲುಗಿನವು 8, ಮರಾಠಿಯವು 5, ಕನ್ನಡದವು 3. 1948ರ ಸೆಪ್ಟೆಂಬರ್ 13ಕ್ಕೆ ಭಾರತದ ಸೈನ್ಯ ಒಳಹೊಕ್ಕಿತು, 17ಕ್ಕೆ ನಿಜಾಮ ಮಣಿದ. 1956ರ ನವೆಂಬರ್ 1ಕ್ಕೆ ಭಾಷೆಯ ಗೆರೆ ಬಿತ್ತು. ಜಿಲ್ಲೆಗಳ ಜೊತೆ ನೆನಪೂ ಪಾಲಾಯಿತು. ಅಲ್ಲಿ ಅದು ‘ಮರಾಠವಾಡಾ ಮುಕ್ತಿಸಂಗ್ರಾಮ ದಿನ’. ಇಲ್ಲಿ ಮೊದಲು ‘ಹೈದರಾಬಾದ್ ಕರ್ನಾಟಕ ವಿಮೋಚನಾ ದಿನ’, 2019ರಿಂದ ‘ಕಲ್ಯಾಣ ಕರ್ನಾಟಕ ಉತ್ಸವ’. ಹೆಸರು ಬೇರೆ, ತಾರೀಖು ಒಂದೇ.

ಆ ಹೋರಾಟದ ಮುಂದಾಳು ಸ್ವಾಮಿ ರಮಾನಂದ ತೀರ್ಥರು 1903ರಲ್ಲಿ ಹುಟ್ಟಿದ್ದು ನಮ್ಮ ಸಿಂದಗಿಯಲ್ಲಿ. ಮಾಸ್ತರಿಕೆ ಮಾಡಿದ್ದು ಮರಾಠವಾಡದ ಅಂಬಾಜೋಗಾಯಿಯಲ್ಲಿ. ನಾಂದೇಡದ ವಿಶ್ವವಿದ್ಯಾಲಯಕ್ಕೆ ಅವರದೇ ಹೆಸರು. ಇವರನ್ನು ಯಾವ ಭಾಷೆಯ ಲೆಕ್ಕಕ್ಕೆ ಬರೆಯೋಣ? ಇನ್ನು 1938ರಲ್ಲಿ ‘ವಂದೇ ಮಾತರಂ’ ಹಾಡಿದ್ದಕ್ಕಾಗಿ ಹೈದರಾಬಾದ್, ಔರಂಗಾಬಾದಿನ ಕಾಲೇಜು ಹುಡುಗರನ್ನು ಹೊರಗೆ ಹಾಕಿದಾಗ, ಅವರಲ್ಲಿ ಬಹಳ ಮಂದಿಯನ್ನು ಸೇರಿಸಿಕೊಂಡದ್ದು ಸಂಸ್ಥಾನದ ಗಡಿಯಾಚೆಯ ನಾಗಪುರ ವಿಶ್ವವಿದ್ಯಾಲಯ. ಪರಸ್ಥಳದಲ್ಲಿ ಓದುವುದಕ್ಕೆ ನಮ್ಮ ಸೀಮೆಯಲ್ಲಿ ಇಂಥದೊಂದು ಇತಿಹಾಸವೂ ಉಂಟು.

ಇಷ್ಟಕ್ಕೇ ಜೈಕಾರ ಹಾಕಿ ಮುಗಿಸಿದರೆ ಸಾಲದು. ಬೀದರ ಜಿಲ್ಲೆಯ ಗೋರಟಾದಲ್ಲಿ ರಜಾಕಾರರು ನಡೆಸಿದ ಕೊಲೆಗಳನ್ನು ನಾವು ನೆನೆಯುತ್ತೇವೆ, ನೆನೆಯಲೇಬೇಕು. ಸೈನ್ಯ ಬಂದಮೇಲೆ ಅಮಾಯಕ ಮುಸಲ್ಮಾನರು ಸತ್ತದ್ದನ್ನು ಮಾತ್ರ ಯಾರೂ ಎತ್ತುವುದಿಲ್ಲ. ಸುಂದರಲಾಲ್ ಸಮಿತಿ ಹೆಚ್ಚು ನೊಂದ ಜಿಲ್ಲೆಗಳೆಂದು ಹೆಸರಿಸಿದ್ದು ನಾಲ್ಕು: ಉಸ್ಮಾನಾಬಾದ್, ನಾಂದೇಡ, ಬೀದರ, ಗುಲಬರ್ಗಾ. ಎರಡು ಮರಾಠಿಯವು, ಎರಡು ಕನ್ನಡದವು. ಸಂತೋಷ ಒಂದೇ ಆಗಿದ್ದ ಹಾಗೆ ಕಣ್ಣೀರೂ ಒಂದೇ ಆಗಿತ್ತು.

ಗೆಳೆಯರೇ, ಬೆಳಗಾವಿಯ ಜಗಳವನ್ನು ಪೆಟ್ಟಿಗೆಯಲ್ಲಿ ಕಟ್ಟಿಕೊಂಡು ಮರಾಠವಾಡಕ್ಕೆ ಹೋಗುವವನಿಗೆ ಅಲ್ಲಿ ಕಾಣುವುದು ‘ಅವರು’ ಮಾತ್ರ. ನಮ್ಮಲ್ಲಿ ಎಷ್ಟು ಜನಕ್ಕೆ ಸೆಪ್ಟೆಂಬರ್ 17 ಅಂದರೆ ಒಂದು ರಜೆ, ಒಂದು ನಿದ್ದೆ! ತನ್ನ ಊರಲ್ಲಿ ಮಲಗಿ ಕಳೆದ ದಿನವನ್ನು ಪರಊರಲ್ಲಿ ಗುರುತಿಸುವುದು ಹೇಗೆ? ಅದಕ್ಕೇ ನನ್ನ ಸೂಚನೆ: ಬರುವ ಸೆಪ್ಟೆಂಬರಿನಲ್ಲಿ ನಮ್ಮ ಸಂಘ ಭಾಷಣಕಾರರನ್ನು ಹುಡುಕುವ ಬದಲು ಊರಿನ ಹಿರಿಯರನ್ನು ಕೂರಿಸಿ ಕೇಳಲಿ, ಹಿಂದೂ ಮನೆಯವರನ್ನೂ, ಮುಸಲ್ಮಾನರ ಮನೆಯವರನ್ನೂ. ಕೇಳಿದ್ದನ್ನು ಬರೆದಿಡೋಣ. ಗಡಿಯಾಚೆ ಓದಲು ಹೋಗುವವರು ಅದರ ಒಂದು ಪ್ರತಿ ಒಯ್ಯಲಿ. ಅಲ್ಲಿಯವರ ಕಥೆಯನ್ನು ಕೇಳಿ ಬರೆದುಕೊಂಡು ತರಲಿ.